ಒಪ್ಪತ್ತು, ಮಡಿ, ಪಿಂಚಣಿ

ಅಮ್ಮ ಹುಟ್ಟಿದ್ದು 1940ರಲ್ಲಿ, ನಂಜನಗೂಡಿನಲ್ಲಿ. ಮದುವೆಯಾಗಿ ಮೈಸೂರಿನ ಚಾಮುಂಡಿಪುರಕ್ಕೆ ಬಂದದ್ದು 1957ರಲ್ಲಿ. ತೀರಿಕೊಂಡದ್ದು 2014ರಲ್ಲಿ, ಇದೇ ಊರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ. ತವರಿಗೂ ಗಂಡನ ಮನೆಗೂ ನಡುವೆ ಹೆಚ್ಚೆಂದರೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಕಾಶಿ, ತಿರುಪತಿ ಬಿಟ್ಟರೆ ಅವಳ ಪ್ರಪಂಚವೆಲ್ಲ ಕಪಿಲೆಯ ದಡದಿಂದ ಚಾಮುಂಡಿ ಬೆಟ್ಟದ ಬುಡದವರೆಗೆ.

ನಂಜನಗೂಡಿನವಳಿಗೆ ನಂಜುಂಡೇಶ್ವರ ಮನೆಯ ಹಿರಿಯನಿದ್ದ ಹಾಗೆ. ದೊಡ್ಡ ಜಾತ್ರೆಯ ಐದು ತೇರುಗಳನ್ನು ನೋಡುತ್ತ ಬೆಳೆದವಳು ಮದುವೆಯಾಗಿ ಚಾಮುಂಡಿಯ ನೆರಳಿಗೆ ಬಂದಳು. ನಮ್ಮ ಕಡೆಯ ಜನಪದ ಹಾಡುಗಳಲ್ಲಿ ನಂಜುಂಡನಿಗೆ ಮನೆಯಲ್ಲಿ ಹೆಂಡತಿ ಇದ್ದರೂ ಮನಸ್ಸೆಲ್ಲ ಬೆಟ್ಟದ ಚಾಮುಂಡಿಯ ಮೇಲೆ. ಹೊಳೆ ದಾಟಿ ಬರುತ್ತಾನೆ, ಜಗಳವಾಗುತ್ತದೆ. ಮನೆಗೆಲಸಕ್ಕೆ ಬರುತ್ತಿದ್ದಾಕೆ ಈ ಕತೆಯನ್ನು ರಸವತ್ತಾಗಿ ಹೇಳುವಾಗ ಅಮ್ಮ ಪಾತ್ರೆ ಸದ್ದು ಮಾಡುತ್ತಿದ್ದಳು. “ಅದೆಲ್ಲ ಹಾಡೋರ ಮಾತು ಕಣೆ, ಶಾಸ್ತ್ರದಲ್ಲಿಲ್ಲ” ಅನ್ನುವುದು ಅವಳ ತೀರ್ಪು. ಆದರೂ ಕತೆ ಮುಗಿಯುವವರೆಗೆ ಒಳಗೆ ಹೋಗುತ್ತಿರಲಿಲ್ಲ.

ಅಮ್ಮ ತುಂಬಾ ದೈವಭಕ್ತೆ ಎಂದು ಬೀದಿಯೆಲ್ಲ ಹೇಳುತ್ತಿತ್ತು. ನಿಜವೇ. ಆದರೆ ಅವಳು ದೇವರ ಮುಂದೆ ಕಣ್ಣು ಮುಚ್ಚಿ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಕೂರುತ್ತಿದ್ದವರು ಅಪ್ಪ. ಸ್ನಾನ ಮುಗಿಸಿ, ಮಗುಟ ಉಟ್ಟು, ಮಣೆಯ ಮೇಲೆ ಕೂತು ಗಂಟೆ ಬಾರಿಸಿ ಅರ್ಧ ಗಂಟೆಯಲ್ಲಿ ಏಳುತ್ತಿದ್ದರು. ಆ ಅರ್ಧ ಗಂಟೆಗಾಗಿ ಅಮ್ಮ ಬೆಳಗಿನ ನಾಲ್ಕೂವರೆಯಿಂದ ದುಡಿಯುತ್ತಿದ್ದಳು. ಹಿತ್ತಾಳೆ ಸಾಮಾನಿಗೆ ಹುಣಸೆಹಣ್ಣು, ಬಾಗಿಲಿಗೆ ನೀರು, ರಂಗೋಲಿ, ಹೊಸಿಲಿಗೆ ಅರಿಶಿನ. ಗಂಧ ತೇಯುವುದು, ಹೂ ಬಿಡಿಸುವುದು, ನೈವೇದ್ಯಕ್ಕೆ ಬೇರೆ ಒಲೆ. ಪೂಜೆ ಮಾಡಿದ ಪುಣ್ಯ ಅಪ್ಪನ ಲೆಕ್ಕಕ್ಕೆ, ಪೂಜೆಗೆ ಅಣಿ ಮಾಡಿದ ಕೆಲಸ ಅಮ್ಮನ ಲೆಕ್ಕಕ್ಕೆ.

ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾದಾಗ ಅವಳು ಗೆಜ್ಜೆವಸ್ತ್ರಕ್ಕೆ ಕೂರುತ್ತಿದ್ದಳು. ಹತ್ತಿಯಿಂದ ಬೀಜ ಬಿಡಿಸಿ, ಎಳೆ ಎಳೆಯಾಗಿ ಹಿಂಜಿ, ಬೆರಳಿಗೆ ಒಂದಿಷ್ಟು ಹಾಲು ಮುಟ್ಟಿಸಿಕೊಂಡು, ಸಮ ಅಂತರಕ್ಕೆ ಒಂದೊಂದು ಗುಂಡು ಬಿಟ್ಟು ನಡುವೆ ಹೊಸೆಯುವುದು. ಆಮೇಲೆ ಒಂದೊಂದರ ಮೇಲೂ ಕುಂಕುಮದ ಚುಕ್ಕೆ. ಗಣಪತಿಗೆ 21 ಗೆಜ್ಜೆಯದು, ಗೌರಿಗೆ ಬೇರೆ, ತುಳಸಿಗೆ ಬೇರೆ. ಅದನ್ನು ಹೊಸೆಯುತ್ತಲೇ ರೇಡಿಯೋ ಕೇಳುತ್ತಿದ್ದಳು, ಮೊಣಕಾಲ ಮೇಲೆ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದಳು. ಬೆರಳಿಗೆ ಕಣ್ಣು ಬೇಕಿರಲಿಲ್ಲ. ಹೊಸೆಯುತ್ತಿರುವಷ್ಟು ಹೊತ್ತು ಯಾರೂ “ಒಂದು ಲೋಟ ಕಾಫಿ” ಎಂದು ಕೇಳುವಂತಿರಲಿಲ್ಲ, ದೇವರ ಕೆಲಸ. ಮನೆಯಲ್ಲಿ ಅವಳಿಗೆ ದಕ್ಕಿದ ಬಿಡುವು ಅದೊಂದೇ. ಅದನ್ನು ದೇವರ ಹೆಸರಿನಲ್ಲೇ ಪಡೆಯಬೇಕಿತ್ತು.

ಅಧಿಕಾರವೂ ದೇವರ ಹೆಸರಿನಲ್ಲೇ ಬರುತ್ತಿತ್ತು. ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ಒಂಟಿಕೊಪ್ಪಲ್ ಪಂಚಾಂಗ ನೇತು ಹಾಕಿರುತ್ತಿತ್ತು. ಅಪ್ಪ ಪಂಚಾಂಗ ಓದುವುದು ಯುಗಾದಿಗೆ ಒಮ್ಮೆ. ಅಮ್ಮ ದಿನಾ ನೋಡುತ್ತಿದ್ದಳು. ಇವತ್ತು ಸಂಕಷ್ಟಿ, ಈರುಳ್ಳಿ ಇಲ್ಲ. ನಾಳೆ ಅಮಾವಾಸ್ಯೆ, ಪ್ರಯಾಣ ಬೇಡ. ಆಷಾಢದಲ್ಲಿ ಹೊಸ ಸೊಸೆ ಅತ್ತೆ ಮನೆಯಲ್ಲಿರಬಾರದು, ತವರಿಗೆ ಕಳಿಸಿ. ಸರ್ಕಾರಿ ಗುಮಾಸ್ತರಾದ ಅಪ್ಪ ಕಚೇರಿಗೆ ರಜೆ ಬರೆಯುವ ಮುಂಚೆ ಅಮ್ಮನ ಕಡೆ ತಿರುಗಿ “ಅವತ್ತೇನು?” ಎಂದು ಕೇಳುತ್ತಿದ್ದರು. ಸಂಬಳದ ಕವರು ಅಪ್ಪನ ಕೈಯಲ್ಲಿ, ತಿಂಗಳ ಮೂವತ್ತು ದಿನ ಅಮ್ಮನ ಕೈಯಲ್ಲಿ.

ನನಗೆ ಈಗ ಅನ್ನಿಸುವುದು ಇಷ್ಟೇ: ಭಕ್ತಿ ಅಮ್ಮನ ನೌಕರಿಯಾಗಿತ್ತು. ಬೆಳಗಿನ ಹಾಜರಿ, ಕಡತ, ಗಡುವು, ಮೇಲಧಿಕಾರಿಯ ಭಯ, ಕೆಳಗಿನವರ ಮೇಲೆ ದರ್ಪ ಎಲ್ಲವೂ ಅದರಲ್ಲಿತ್ತು. ಸಂಬಳ ಮಾತ್ರ ಗಂಡನ ಆಯಸ್ಸಿನ ರೂಪದಲ್ಲಿ ಬರಬೇಕಿತ್ತು.

ಅವಳ ವ್ರತಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಇದು ತಿಳಿಯುತ್ತದೆ. ಮದುವೆಯಾದ ಮೊದಲ ಐದು ವರ್ಷ ಶ್ರಾವಣದ ಪ್ರತಿ ಮಂಗಳವಾರ ಮಂಗಳಗೌರಿ. ಆಷಾಢ ಮುಗಿಯುವಾಗ ಭೀಮನ ಅಮಾವಾಸ್ಯೆ. ಭಾದ್ರಪದದಲ್ಲಿ ಸ್ವರ್ಣಗೌರಿ, ಮೊರದ ಬಾಗಿನ. ಎಲ್ಲದರ ಸಂಕಲ್ಪವೂ ಸುತ್ತಿ ಬಂದು ನಿಲ್ಲುವುದು ಮುತ್ತೈದೆತನದಲ್ಲಿ. ಗಂಡನಿಗಿಂತ ಮುಂಚೆ, ಅರಿಶಿನ ಕುಂಕುಮದ ಸಮೇತ ಹೋಗಬೇಕು. ಬೀದಿಯಲ್ಲಿ ಯಾರಾದರೂ ಹಾಗೆ ಹೋದರೆ ಹೆಂಗಸರು ಅತ್ತ ಮೇಲೆ “ಪುಣ್ಯವಂತೆ” ಎನ್ನುತ್ತಿದ್ದರು.

ಈ ಲೆಕ್ಕ ಹಿಡಿದರೆ ಮೈಸೂರಿನಲ್ಲಿ ಪುಣ್ಯವಂತೆಯರಿಗೆ ಕೊರತೆಯಿಲ್ಲ. ಇಲ್ಲೇ ಬದುಕಿ ಬರೆದ ಆರ್.ಕೆ. ನಾರಾಯಣ್ ಅವರ ಪತ್ನಿ ರಾಜಂ 1939ರಲ್ಲಿ ಟೈಫಾಯಿಡ್‌ನಿಂದ ತೀರಿಕೊಂಡಾಗ ಮಗಳು ಇನ್ನೂ ಪುಟ್ಟ ಮಗು. ಟೈಫಾಯಿಡ್ಡಿಗೆ ಕ್ಲೋರಾಂಫೆನಿಕಾಲ್ ಬಂದದ್ದು 1948ರ ಹೊತ್ತಿಗೆ. ಅಲ್ಲಿಯವರೆಗೆ ಗಂಜಿ, ತಣ್ಣೀರು ಬಟ್ಟೆ, ಹರಕೆ. ನಮ್ಮ ಚಾಮುಂಡಿಪುರದಲ್ಲೇ ಇದ್ದ ಕಾದಂಬರಿಕಾರ್ತಿ ತ್ರಿವೇಣಿ 1963ರ ಜುಲೈನಲ್ಲಿ, ಹೆರಿಗೆಯಾದ ಹತ್ತೇ ದಿನಕ್ಕೆ, 35 ತುಂಬುವ ಮುನ್ನ ಹೋದರು. ಅಮ್ಮ ಅವರ ‘ಹಣ್ಣೆಲೆ ಚಿಗುರಿದಾಗ’, ‘ಬೆಕ್ಕಿನ ಕಣ್ಣು’ ಎಲ್ಲ ಓದಿದವಳು. 1971ರಲ್ಲಿ ಅವರ ‘ಶರಪಂಜರ’ ಸಿನಿಮಾ ಆಗಿ ಬಂದಾಗ ಅಪ್ಪನನ್ನು ಬಿಟ್ಟು ಪಕ್ಕದ ಮನೆಯವರ ಜೊತೆ ಹೋಗಿ ನೋಡಿ ಬಂದವಳು. ತ್ರಿವೇಣಿ ತೀರಿಕೊಂಡ ದಿನ ಯಾರೋ ಪುಣ್ಯದ ಮಾತು ಎತ್ತಿದಾಗ “ಅಂಥ ಪುಣ್ಯ ಯಾರಿಗೂ ಬೇಡ ತಾಯಿ” ಅಂದುಬಿಟ್ಟೆ ಎಂದು ಅವಳೇ ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದಳು. ಹಾಗೆಂದು ಮುಂದಿನ ವರ್ಷದ ಭೀಮನ ಅಮಾವಾಸ್ಯೆಯನ್ನು ಬಿಡಲಿಲ್ಲ. ತನಗೇ ಬೇಡದ್ದನ್ನು ತಾನೇ ಬೇಡುವುದರಲ್ಲಿ ಅವಳಿಗೆ ತೊಡಕೇನೂ ಕಾಣಲಿಲ್ಲ.

ಅಮ್ಮನ ಮಡಿಯ ಬಗ್ಗೆ ಈಗ ಮನೆಯವರು ನಗುನಗುತ್ತಾ ಮಾತಾಡುತ್ತಾರೆ. ನನಗೆ ಅಷ್ಟು ನಗು ಬರುವುದಿಲ್ಲ. ಸೂರಿನ ಹತ್ತಿರದ ಗಳುವಿನ ಮೇಲೆ ಮಡಿಸೀರೆ ಹರವಿ, ಕೋಲಿನಿಂದ ಇಳಿಸಿ ಉಡುತ್ತಿದ್ದಳು. ಅಷ್ಟರೊಳಗೆ ಮಕ್ಕಳು ಮುಟ್ಟಿದರೆ ಮತ್ತೆ ಸ್ನಾನ. ನಾನು ಹೊರಗಾದಾಗ ಮೂರು ದಿನ ಹಿತ್ತಲ ಕೋಣೆ, ಬೇರೆ ಚಾಪೆ, ಬೇರೆ ತಟ್ಟೆ, ಮೇಲಿನಿಂದ ಸುರಿಯುವ ನೀರು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ನಡುವೆಯೂ ವಿನಾಯಿತಿ ಇರಲಿಲ್ಲ. ಮುಟ್ಟಿನ ದಿನಗಳ ದೋಷಗಳಿಗೆಲ್ಲ ಪ್ರಾಯಶ್ಚಿತ್ತವೆಂದು ಐವತ್ತು ದಾಟಿದ ಮೇಲೆ ಅಮ್ಮ ಋಷಿಪಂಚಮಿ ವ್ರತ ಹಿಡಿದಳು. ತಾನು ಮಾಡದ ತಪ್ಪಿಗೆ ಅಷ್ಟು ಶ್ರದ್ಧೆಯಿಂದ ದಂಡ ಕಟ್ಟುವವರನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಮಡಿಯ ಇನ್ನೊಂದು ಕೊನೆ ಹಿತ್ತಲ ಬಾಗಿಲಿನ ಆಚೆಗಿತ್ತು. 1898ರಲ್ಲಿ ಪ್ಲೇಗು ಬಂದು ಊರನ್ನು ಅಲ್ಲಾಡಿಸಿದ ಮೇಲೆ, 1903ರಲ್ಲಿ ನಗರಾಭಿವೃದ್ಧಿ ಮಂಡಳಿ ಶುರುವಾಗಿ, ಮೈಸೂರಿಗೆ ಗಾಳಿ ಬೆಳಕಿನ ಬಡಾವಣೆಗಳು ಬಂದವು. ಹಳೆಯ ಬಡಾವಣೆಗಳ ಮನೆಗಳ ಹಿಂದೆ ಒಂದೊಂದು ಕನ್ಸರ್ವೆನ್ಸಿ ಗಲ್ಲಿ. ಮುಂಬಾಗಿಲಿನ ರಂಗೋಲಿ ತುಳಿಯದೆ ಪಾಯಿಖಾನೆಯ ಬಕೆಟ್ಟು ಹೊತ್ತು ಹೋಗುವವರಿಗೆ ಮಾಡಿದ ದಾರಿ ಅದು. ನಮ್ಮ ಬೀದಿಗೆ ಬರುತ್ತಿದ್ದಾಕೆಯ ಮುಖ ನನಗೆ ನೆನಪಿದೆ. ಅಮ್ಮ ಆಕೆಗೆ ಹಬ್ಬದ ದಿನ ಹೋಳಿಗೆಯನ್ನು ಎಲೆಯಲ್ಲಿಟ್ಟು ಗೋಡೆಯ ಮೇಲೆ ಇಡುತ್ತಿದ್ದುದೂ ನೆನಪಿದೆ. ಕೈಗೆ ಕೊಟ್ಟದ್ದು ನೆನಪಿಲ್ಲ. 70ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದಾಗ ನಮ್ಮ ಬೀದಿಯ ದೊಡ್ಡವರಿಗೆ ಚಿಂತೆಯಾದದ್ದು ಫ್ಲಶ್ ಕೂಡಿಸುವ ಖರ್ಚಿನದು. ಅಮ್ಮನನ್ನು ದೇವತೆ ಮಾಡಲು ಹೊರಟವರಿಗೆ ನಾನು ಈ ಗೋಡೆಯನ್ನು ತೋರಿಸುತ್ತೇನೆ. ಅವಳು ಕೆಟ್ಟವಳಾಗಿರಲಿಲ್ಲ. ಕೊಟ್ಟ ಕೆಲಸವನ್ನು ಚಾಚೂ ತಪ್ಪದೆ ಮಾಡುವವಳಾಗಿದ್ದಳು. ಆ ಕೆಲಸದೊಳಗೆ ಇದೂ ಸೇರಿತ್ತು.

ನಲವತ್ತೈದಕ್ಕೆ ಸಕ್ಕರೆ ಕಾಯಿಲೆ ಪತ್ತೆಯಾಯಿತು. ಡಾಕ್ಟರು ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಮಾತ್ರೆ ಎಂದರು. ಅಮ್ಮನಿಗೆ ಸೋಮವಾರ ಒಪ್ಪತ್ತು, ಸಂಕಷ್ಟಿಗೆ ಚಂದ್ರ ಕಾಣುವವರೆಗೆ ಉಪವಾಸ, ಏಕಾದಶಿಗೆ ಫಲಾಹಾರ. ಮಾತ್ರೆ ನುಂಗಿ ಊಟ ಬಿಟ್ಟರೆ ಬೆವತು ಕೈ ನಡುಗುವುದು. ಮಾತ್ರೆ ಬಿಟ್ಟು ಬಾಳೆಹಣ್ಣು, ಬೆಲ್ಲದ ಅವಲಕ್ಕಿ ತಿಂದರೆ ಸಕ್ಕರೆ ಮುನ್ನೂರು ದಾಟುವುದು. ನಾವು ಜಗಳವಾಡಿದೆವು. “ದೇವರು ನೋಡ್ಕೋತಾನೆ” ಎಂದು ಅವಳು ಅಂದದ್ದಿಲ್ಲ, “ಇಷ್ಟು ವರ್ಷ ಮಾಡಿ ಈಗ ಬಿಡೋಕಾಗುತ್ತಾ?” ಎಂದಳು. ನಡೆಸಿಕೊಂಡು ಬಂದದ್ದನ್ನು ನಡುವೆ ಬಿಡಬಾರದು ಎನ್ನುವ ಹಟ ಅದು. ಮೂತ್ರಪಿಂಡಕ್ಕೆ ಪೆಟ್ಟು ಬೀಳಲು ಶುರುವಾದದ್ದು ಆ ವರ್ಷಗಳಲ್ಲೇ.

1998ರಲ್ಲಿ ಅಪ್ಪ ಹೃದಯಾಘಾತದಿಂದ ಹೋದರು. ನಲವತ್ತೊಂದು ವರ್ಷದ ವ್ರತಗಳ ಲೆಕ್ಕ ಒಂದೇ ಬೆಳಿಗ್ಗೆ ಚುಕ್ತಾ ಆಯಿತು. ಹತ್ತನೆಯ ದಿನ ಹಿರಿಯ ಹೆಂಗಸರು ಬಳೆ ಒಡೆಯಲು ಬಂದಾಗ ಅಮ್ಮ ಅಳುತ್ತಿರಲಿಲ್ಲ. “ಒಡೀಬೇಡಿ, ತೆಗೆದುಕೊಡ್ತೀನಿ, ಚೆನ್ನಾಗಿವೆ” ಎಂದು ಒಂದೊಂದೇ ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು. ಮುಂದಿನ ಶ್ರಾವಣದಿಂದ ಅರಿಶಿನ ಕುಂಕುಮಕ್ಕೆ ಕರೆಯುವವರು ನಮ್ಮ ಗೇಟು ದಾಟಿ ಮುಂದಕ್ಕೆ ಹೋದರು. ಅದೇ ಬೀದಿ, ಅದೇ ಹೆಂಗಸರು. ಅವರಿಗೆಲ್ಲ ಬಾಗಿನದ ಮೊರ ಕಟ್ಟುವುದನ್ನು ಕಲಿಸಿದವಳು ಅಮ್ಮ. ನೌಕರಿಯಿಂದ ನಿವೃತ್ತಿಯಾಯಿತು, ಬೀಳ್ಕೊಡುಗೆ ಇರಲಿಲ್ಲ.

ಇದು ನಡೆದದ್ದು ಒಬ್ಬ ವಿಧವೆ ರಾಜ್ಯವಾಳಿದ ಊರಿನಲ್ಲಿ. 1894ರ ಕೊನೆಗೆ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡ ಮೇಲೆ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು 1902ರವರೆಗೆ ರೀಜೆಂಟರಾಗಿ ಮೈಸೂರನ್ನು ನಡೆಸಿದರು. ನಮ್ಮ ಹಳೆಯ ನಲ್ಲಿನೀರಿನ ವ್ಯವಸ್ಥೆಗೆ ಅವರದೇ ಹೆಸರು. ಆ ನೀರಿನಿಂದ ಮಡಿ ಮಾಡುವವರಿಗೆ ಬೀದಿಯ ವಿಧವೆಯ ಕೈಯಿಂದ ಒಂದು ವೀಳ್ಯದೆಲೆ ತೆಗೆದುಕೊಳ್ಳಲು ಅಂಜಿಕೆ.

ಆದರೆ ಅಮ್ಮನ ಕತೆ ಅಲ್ಲಿಗೆ ನಿಲ್ಲಲಿಲ್ಲ. ಅಪ್ಪನ ಕುಟುಂಬ ಪಿಂಚಣಿ ಅವಳ ಹೆಸರಿಗೆ ಬಂತು, ಮೂಲವೇತನದ ಶೇ. 30. ಐವತ್ತೆಂಟನೆಯ ವಯಸ್ಸಿನಲ್ಲಿ ಅವಳ ಹೆಸರಿನ ಮೊದಲ ಪಾಸ್‌ಬುಕ್. ನಾನೇ ಬ್ಯಾಂಕ್ ನೌಕರಳಾದ್ದರಿಂದ ಚಲನ್ ತುಂಬಿಸಿ ತರುತ್ತೇನೆ ಎಂದರೆ ಒಪ್ಪಲಿಲ್ಲ. ತಿಂಗಳಿಗೊಮ್ಮೆ ಕೊಡೆ ಹಿಡಿದು ತಾನೇ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದಳು. ಪ್ರತಿ ನವೆಂಬರಿನಲ್ಲಿ ತಾನು ಬದುಕಿದ್ದೇನೆಂದು ಸಹಿ ಹಾಕಿ ಬರಬೇಕಿತ್ತು. ಅದಕ್ಕೆ ಒಳ್ಳೆ ಸೀರೆ ಉಟ್ಟು ಹೋಗುತ್ತಿದ್ದಳು. ಆ ದುಡ್ಡಿನಿಂದ ಮಿಕ್ಸಿ ಬಂತು, ಮೊಮ್ಮಗಳ ಪುಸ್ತಕ ಬಂತು, ಪಕ್ಕದ ಬೀದಿಯ ಹೆಂಗಸರ ಜೊತೆ ಬಸ್ಸಿನಲ್ಲಿ ಕಾಶಿಗೂ ಹೋಗಿಬಂದಳು. ಅಪ್ಪ ಇದ್ದಾಗ ಯಾವಾಗಲೂ “ಮುಂದಿನ ವರ್ಷ” ಆಗಿದ್ದ ಕಾಶಿ.

ಮಡಿಯೂ ಸಡಿಲಾಯಿತು. ಯಾರೂ ಬೇಡವೆಂದು ಹೇಳಲಿಲ್ಲ. ಅಣಿ ಮಾಡಿಕೊಡಲು ಪೂಜೆಗೆ ಕೂರುವವರಿರಲಿಲ್ಲ, ಅಷ್ಟೇ. ಮೊದಲ ಸಲ ತಾನೇ ಮಣೆಯ ಮೇಲೆ ಕೂತು ದೀಪ ಹಚ್ಚಿದಳು, ಹತ್ತು ನಿಮಿಷದಲ್ಲಿ ಎದ್ದಳು. ಮನೆಗೆಲಸದಾಕೆಯ ಜೊತೆ ಅಡುಗೆಮನೆ ಹೊಸಿಲಲ್ಲಿ ಕೂತು ಕಾಫಿ ಕುಡಿಯುತ್ತಾ, ಹಿಂದೆ ಬೇಡವೆನ್ನುತ್ತಿದ್ದ ನಂಜುಂಡನ ಕತೆಯನ್ನು ತಾನೇ ಕೇಳಿ ಹೇಳಿಸಿಕೊಳ್ಳುತ್ತಿದ್ದಳು. ಆಷಾಢದ ಶುಕ್ರವಾರ ಬೆಟ್ಟದ ಮೆಟ್ಟಿಲು ಹತ್ತುವುದನ್ನು ಮಾತ್ರ ಬಿಡಲಿಲ್ಲ. ದೊಡ್ಡದೇವರಾಜ ಒಡೆಯರ ಕಾಲದ ಆ ಸಾವಿರ ಮೆಟ್ಟಿಲುಗಳಿಗೆ ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುವ ಹರಕೆಯ ಹೆಂಗಸರ ಪಕ್ಕದಲ್ಲೇ, ಬರಿಗೈಯಲ್ಲಿ, ಅವರಿಗಿಂತ ಬೇಗ ನಂದಿಯವರೆಗೆ ಹತ್ತಿಬಿಡುತ್ತಿದ್ದಳು. ಬಗ್ಗುವ ಕೆಲಸ ಇರಲಿಲ್ಲವಲ್ಲ ಎಂದು ಅವಳದೇ ವಿವರಣೆ.

2013ರ ದಸರೆಯ ಹೊತ್ತಿಗೆ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದ ಸುದ್ದಿ ಪತ್ರಿಕೆಯಲ್ಲಿ ಬಂತು. ನಾನು ಉತ್ಸಾಹದಿಂದ ಓದಿ ಹೇಳಿದೆ. ಅಮ್ಮ ಕೇಳಿದ್ದು ಒಂದೇ: “ಸಂಬಳ ಎಷ್ಟಂತೆ?”

ಆಗಾಗಲೇ ಡಯಾಲಿಸಿಸ್ ಶುರುವಾಗಿತ್ತು, ವಾರಕ್ಕೆ ಮೂರು ಸಲ. ಕಾಯಿಲೆ ಹೆಚ್ಚಿಸಿದ ಶಿಸ್ತೇ ಇಲ್ಲಿ ಕೈ ಹಿಡಿಯಿತು. ದಿನಕ್ಕೆ ಇಷ್ಟೇ ನೀರು, ಉಪ್ಪಿಲ್ಲ, ಬಾಳೆಹಣ್ಣಿಲ್ಲ, ಎಳನೀರಿಲ್ಲ ಎಂದಾಗ ಪಕ್ಕದ ಹಾಸಿಗೆಯ ಗಂಡಸರು ಕದ್ದು ಕುಡಿದು ಉಸಿರು ಕಟ್ಟಿಕೊಂಡು ಬರುತ್ತಿದ್ದರು. ಅಮ್ಮನಿಗೆ ಅದು ಇನ್ನೊಂದು ವ್ರತ. ಅಳೆದ ಲೋಟ, ಅಳೆದ ಹೊತ್ತು. ಸೂಜಿ ಚುಚ್ಚುವ ಹುಡುಗಿಯ ಜಾತಿ ಯಾವುದು, ತನಗೆ ಏರಿಸಿದ ರಕ್ತ ಯಾರದು ಎಂದು ಒಮ್ಮೆಯೂ ಕೇಳಲಿಲ್ಲ. ಆ ಹುಡುಗಿಗೆ ಮಗುವಾದಾಗ ತಾನೇ ಹೊಲಿದ ಕುಲಾವಿ ಕಳಿಸಿದಳು, ಈ ಸಲ ನನ್ನ ಕೈಯಲ್ಲಿ, ಆಕೆಯ ಕೈಗೆ.

ಕೊನೆಯ ನಾಲ್ಕು ದಿನ ಐಸಿಯು. ಹಿಂದೆ ನಂಜನಗೂಡಿನಲ್ಲಿ ಅಜ್ಜಿ ಸತ್ತಾಗ ಚಾಪೆಯ ಸುತ್ತ ಮನೆಯೆಲ್ಲ ಇತ್ತು, ಬಾಯಿಗೆ ಗಂಗೆ ಬಿಡಲು ತಂಬಿಗೆ ಸಿದ್ಧವಿತ್ತು. ಅಮ್ಮನ ಗಂಗೆಯ ತಂಬಿಗೆ, ಕಾಶಿಯಿಂದ ತಾನೇ ತಂದದ್ದು, ಮನೆಯ ದೇವರ ಗೂಡಿನಲ್ಲೇ ಉಳಿಯಿತು. ಬಾಯಲ್ಲಿ ನಳಿಕೆ ಇತ್ತು. ಒಬ್ಬೊಬ್ಬರೇ ಚಪ್ಪಲಿ ಬಿಟ್ಟು, ನಿಲುವಂಗಿ ಹಾಕಿಕೊಂಡು, ಮುಟ್ಟದೆ ನೋಡಿ ಬರಬೇಕು. ಅವಳ ಮಡಿಗಿಂತ ಬಿಗಿಯಾದ ಮಡಿಯಲ್ಲಿ ಅವಳು ಹೋದಳು. ಬೆಟ್ಟದ ತಪ್ಪಲಿನ ಸ್ಮಶಾನಕ್ಕೆ ನಾನೂ ಹೋದೆ. ಯಾರೂ ಕರೆಯಲಿಲ್ಲ, ಯಾರೂ ತಡೆಯಲಿಲ್ಲ. ಅಸ್ಥಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ. ಅಮೆರಿಕದಿಂದ ಬಂದ ಅಣ್ಣ ರಜೆ ಸಾಲದೆ ಹದಿಮೂರನೆಯ ದಿನ ಮುಗಿಸಿ ರಾತ್ರಿಯೇ ವಿಮಾನ ಹತ್ತಿದ. ನಾನು ಬ್ಯಾಂಕಿಗೆ ಮರಣ ಪ್ರಮಾಣಪತ್ರ ಕೊಟ್ಟು, ಹೆಚ್ಚುವರಿಯಾಗಿ ಜಮೆಯಾಗಿದ್ದ ಪಿಂಚಣಿಯನ್ನು ವಾಪಸು ಕಟ್ಟಿ ಬಂದೆ.

ಬೀರು ತೆಗೆದಾಗ ಹಳದಿ ಬಟ್ಟೆಯ ಮುಡಿಪುಗಳು ಸಿಕ್ಕವು, ನಮ್ಮ ಪರೀಕ್ಷೆ, ಬಾಣಂತನ, ಅಣ್ಣನ ವೀಸಾ, ಹೀಗೆ ಒಂದೊಂದಕ್ಕೆ ಒಂದು. ಒಳಗೆ 25 ಪೈಸೆಯ ನಾಣ್ಯಗಳು. 2011ರ ಜೂನ್ ಕೊನೆಗೇ ಚಲಾವಣೆ ನಿಂತಿದ್ದ ಅವನ್ನು ನನ್ನ ತಮ್ಮ ತಿರುಪತಿಯ ಹುಂಡಿಗೆ ಹಾಕಿ ಬಂದ. ಹರಕೆ ಸಂದಿತೋ ಇಲ್ಲವೋ ದೇವರಿಗೂ ರಿಸರ್ವ್ ಬ್ಯಾಂಕಿಗೂ ಬಿಟ್ಟದ್ದು.

ಈಗ ಚಾಮುಂಡಿಪುರದ ಮನೆ ಮೂರಂತಸ್ತಿನ ಕಟ್ಟಡ. ಪಂಚಾಂಗ ಮೊಬೈಲಿನಲ್ಲಿ ಬರುತ್ತದೆ, ಗೆಜ್ಜೆವಸ್ತ್ರ ಪ್ಯಾಕೆಟ್ಟಿನಲ್ಲಿ, ಹೋಳಿಗೆ ಅಂಗಡಿಯಿಂದ. ಆಷಾಢದ ಶುಕ್ರವಾರ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಬುಡದಿಂದ ಬಸ್ಸು, ಬೇಗ ದರ್ಶನಕ್ಕೆ ಬೇರೆ ಟಿಕೆಟ್ಟು. ಭಕ್ತಿ ಕಡಿಮೆಯಾಯಿತೆಂದು ಹಳಬರು ಗೊಣಗುತ್ತಾರೆ. ಸಾಲು ನೋಡಿದರೆ ಹಾಗೇನೂ ಕಾಣುವುದಿಲ್ಲ. ಹೋದದ್ದು ಒಬ್ಬಳೇ ಹೆಂಗಸು ಬೆಳಗಿನ ನಾಲ್ಕೂವರೆಯಿಂದ ಎಲ್ಲರ ಪುಣ್ಯಕ್ಕಾಗಿ ಮಾಡುತ್ತಿದ್ದ ಬಿಟ್ಟಿ ಕೆಲಸ. ಅದು ಹೋದದ್ದಕ್ಕೆ ನನಗೆ ವ್ಯಥೆಯಿಲ್ಲ. ವ್ಯಥೆಯಿದ್ದರೆ, ಅದನ್ನು ಮಾಡುತ್ತಿದ್ದಾಗ ಮನೆಯಲ್ಲಿ ಯಾರೂ, ನಾನೂ ಸೇರಿ, ಒಂದು ಗಂಧದ ಕೊರಡನ್ನೂ ಕೈಯಿಂದ ಇಸಿದುಕೊಳ್ಳಲಿಲ್ಲ ಎನ್ನುವುದಕ್ಕೆ.

ವರಮಹಾಲಕ್ಷ್ಮಿ ಹಬ್ಬಕ್ಕೆ ನಾನು ಕಲಶ ಇಡುತ್ತೇನೆ, ಉಪವಾಸ ಮಾಡುವುದಿಲ್ಲ. ಅರಿಶಿನ ಕುಂಕುಮಕ್ಕೆ ಗಂಡ ಇದ್ದವರು ಇಲ್ಲದವರು ಎಂದು ನೋಡದೆ ಬೀದಿಯವರನ್ನೆಲ್ಲ ಕರೆಯುತ್ತೇನೆ. ಮೊದಲ ವರ್ಷ ಕೆಲವರು ಬರಲಿಲ್ಲ. ಬಾರದವರಲ್ಲಿ ಮುತ್ತೈದೆಯರೂ ಇದ್ದರು, ವಿಧವೆಯರೂ ಇದ್ದರು. ಈಗ ಬರುತ್ತಾರೆ. ಕಳೆದ ವರ್ಷ ಎದುರು ಮನೆಯ ನಿವೃತ್ತ ಮೇಷ್ಟ್ರಮ್ಮ, ಗಂಡ ಹೋಗಿ ಹತ್ತು ವರ್ಷವಾದವರು, ತಟ್ಟೆಯ ಮುಂದೆ ಕೂತು ಹಣೆ ಮುಂದೆ ಮಾಡಿದರು. “ಕುಂಕುಮ ಇಡಮ್ಮ, ಪರವಾಗಿಲ್ಲ. ಬಾಳೆಹಣ್ಣು ಮಾತ್ರ ಬೇಡ, ಶುಗರ್ ಇದೆ” ಎಂದರು. ಹಣ್ಣಿನ ಬದಲು ಒಂದು ಹಿಡಿ ಕೋಸಂಬರಿ ಹೆಚ್ಚಿಗೆ ಹಾಕಿ ಕೊಟ್ಟೆ.